ಚಳ್ಳಕೆರೆಗೊಂದು ಹೀಟರ್

ಚಳ್ಳಕೆರೆಯಲ್ಲಿ ಹಳೇ ಗಾಡಿ ಕೊಳ್ಳುವವರು ಟೈರು ನೋಡುತ್ತಾರೆ, ಎಂಜಿನ್ ನೋಡುತ್ತಾರೆ, ತೀರ ಅನುಮಾನದವರಾದರೆ ಗಾಡಿಯ ಅಡಿಗೆ ಮಲಗಿ ತುಕ್ಕು ಹುಡುಕುತ್ತಾರೆ. ಹೀಟರ್ ನೋಡಿ ಗಾಡಿ ಕೊಂಡವನು ನಮ್ಮ ಓಂಕಾರಮೂರ್ತಿ ಒಬ್ಬನೇ. ವರ್ಷದ ಬಹುಪಾಲು ಅಂಗಿ ಬೆನ್ನಿಗೆ ಅಂಟಿಕೊಂಡೇ ಇರುವ ಊರು ನಮ್ಮದು. ಅಂಥ ಊರಿಗೆ, ಅದೂ ಮೇ ತಿಂಗಳಲ್ಲಿ, ಹೀಟರ್ ಇದೆಯೆಂಬ ಒಂದೇ ಕಾರಣಕ್ಕೆ ಮಡಿಕೇರಿ ಕಡೆಯ ಹಳೇ ಪಿಕಪ್ ಒಂದನ್ನು ತಂದು ಮನೆಮುಂದೆ ನಿಲ್ಲಿಸಿದ. ನಾನು ಅವನ ಎದುರುಮನೆಯವನು. ನನ್ನದು ಕಂಬಳಿ ಅಂಗಡಿ. ಹೀಟರ್ ಅಂದರೆ ಇವನಿಗೆ ಹೊಟ್ಟೆಯುರಿ ಎಂದು ನೀವು ಅಂದುಕೊಳ್ಳಬಹುದು. ಅಂದುಕೊಳ್ಳಿ, ನನಗೇನೂ ಬೇಜಾರಿಲ್ಲ.

ಮೂರ್ತಿಯದು ಶೇಂಗಾ ಹಿಂಡಿಯ ವ್ಯಾಪಾರ. ಎಣ್ಣೆಗಿರಣಿಗಳಿಂದ ಹಿಂಡಿ ತುಂಬಿಕೊಂಡು ರಾಂಪುರ, ದೇವಸಮುದ್ರದವರೆಗೆ ದನ ಕಟ್ಟಿದವರ ಮನೆಗಳಿಗೆ ಹಾಕಿ ಬರುತ್ತಾನೆ. ಒಳ್ಳೆಯವನು, ಮೈಮುರಿದು ದುಡಿಯುತ್ತಾನೆ. ಆದರೆ ಮನೆಗೆ ಹೊಸದೇನಾದರೂ ಬಂದರೆ ಬೀದಿಯವರೆಲ್ಲ ಅದನ್ನು ನೋಡಿ ಭೇಷ್ ಅನ್ನುವ ತನಕ ಅವನಿಗೆ ಅನ್ನ ಸೇರುವುದಿಲ್ಲ. ಗಾಡಿಪೂಜೆಯ ದಿನ ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದವನೇ ಬೀದಿಯ ಹಿರಿಯರನ್ನು ಇಬ್ಬಿಬ್ಬರಾಗಿ ಕ್ಯಾಬಿನ್ನಿನಲ್ಲಿ ಕೂರಿಸಿ, ಗಾಜು ಏರಿಸಿ, ಕೆಂಪು ಗುರುತಿನ ಕಡೆಗೆ ಗುಂಡಿ ತಿರುಗಿಸಿ ಫ್ಯಾನ್ ಹಾಕಿದ. ಹೊತ್ತು ನಡುಮಧ್ಯಾಹ್ನ. ಒಳಗೆ ಹೋದವರು ಅರೆಗಳಿಗೆಯಲ್ಲಿ ಅಂಗಿ ಬಿಚ್ಚಿಕೊಂಡು ಈಚೆಗೆ ಬಂದರು.

"ನಮ್ಮ ಹೋಟ್ಲು ಒಲೆ ಮುಂದೆನೂ ನಾನು ಇಷ್ಟು ಬೆವತಿಲ್ಲ ಕಣಪ್ಪ. ಭಾರೀ ಹೀಟರ್" ಎಂದರು ಮೂಲೆಯ ಟೀ ಹೋಟೆಲಿನ ಪಾತಣ್ಣ, ಮುಖ ಒರೆಸಿಕೊಳ್ಳುತ್ತ.

ನಾನೂ ಕೂತೆ, ನಾನೂ ಬೆವೆತೆ, ನಾನೂ ಭೇಷ್ ಎಂದೆ. ಸುಳ್ಳು ಹೇಳುವುದಿಲ್ಲ.

ಮುಂದಿನ ವಾರ ಗಾಡಿಯನ್ನು ಮೆಕ್ಯಾನಿಕ್ ಮಾರುತೇಶನ ಶೆಡ್ಡಿನಲ್ಲಿ ಸರ್ವೀಸಿಗೆ ಬಿಟ್ಟ. ಅಲ್ಲಿಂದ ಬಂದಮೇಲೆ ಮೂರ್ತಿಗೆ ಕೊಚ್ಚಿಕೊಳ್ಳಲು ಎರಡನೆಯ ಸಂಗತಿ ಸಿಕ್ಕಿತು. ಎಂಜಿನ್ನಿನ ಬಿಸಿ ತೋರಿಸುವ ಸೂಜಿ ತಳದಲ್ಲಿ ಮಲಗಿದ್ದು ಮೇಲೇಳಲೇ ಇಲ್ಲ. ಬೇರೆಯವರ ಗಾಡಿಗಳು ರಸ್ತೆ ಪಕ್ಕದಲ್ಲಿ ಬಾನೆಟ್ ಎತ್ತಿಕೊಂಡು ಹೊಗೆ ಬಿಡುವ ಕಾಲ ಅದು. "ನನ್ನ ಗಾಡಿ ಎಂಜಿನ್ನು ಬಿಸಿನೇ ಆಗಲ್ಲ, ಕ್ಯಾಬಿನ್ನು ಬೇಕಂದಾಗ ಬಿಸಿ ಆಗ್ತೈತೆ" ಎಂದು ಮೂರ್ತಿ ಸಿಕ್ಕಸಿಕ್ಕವರಿಗೆ ಹೇಳಿದ. ಕೇಳಿದವರು ತಲೆದೂಗಿದರು. ಈ ಎರಡು ಮಾತು ಒಟ್ಟಿಗೆ ಹೇಗೆ ನಿಜವಾದಾವು ಎಂದು ಕೇಳುವ ಬುದ್ಧಿವಂತ ಇಡೀ ತಾಲ್ಲೂಕಿನಲ್ಲಿ ಒಬ್ಬನೂ ಇರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಕತೆ ಹೇಳುವ ಪ್ರಮೇಯ ಬರುತ್ತಿರಲಿಲ್ಲ. ನವೆಂಬರಿನಲ್ಲಿ ಅವನು ಮೊಳಕಾಲ್ಮೂರಿಗೆ ಅತ್ತೆಮನೆಗೆ ಹೊರಟ. ನನ್ನ ಮಗಳಿಗೆ ಒಂದು ರೇಷ್ಮೆ ಸೀರೆ ತರುವುದಿತ್ತು, ನಾನೂ ಜೊತೆಗೆ ಹೋದೆ. ಅಲ್ಲಿ ಮೂರ್ತಿಯ ಮಾವ ಜಂಬುಲಿಂಗಪ್ಪನವರು, ಅತ್ತೆ ಬಸವಲಿಂಗಮ್ಮ, ಕಿರಿಯ ಅಳಿಯ ಸಿದ್ದಲಿಂಗೇಶ್ ಎಲ್ಲ ಸೇರಿದ್ದರು. ಸಿದ್ದಲಿಂಗೇಶ್ ದಾವಣಗೆರೆಯಲ್ಲಿ ಇಂಜಿನಿಯರು, ಬಿಳೀ ಕಾರಿನವರು. ಆ ಮನೆಯಲ್ಲಿ ಅವರಿಗೆ ದಿಂಬಿನ ಕುರ್ಚಿ. ಹಿರಿಯ ಅಳಿಯ ಮೂರ್ತಿಗೆ, ಎಲೆ ಅಡಿಕೆ ತರಲು ಅಂಗಡಿಗೆ ಓಡುವ ಕೆಲಸ. ಅವನು ಬಸವಲಿಂಗಮ್ಮನ ಸ್ವಂತ ಅಣ್ಣನ ಮಗ. ಮೂಗು ಸುರಿಸಿಕೊಂಡು ಓಡಾಡುತ್ತಿದ್ದ ಕಾಲದಿಂದ ನೋಡಿದ ಹುಡುಗನಿಗೆ ಕುರ್ಚಿ ಕೊಡುವುದು ಯಾವ ಅತ್ತೆಗೂ ಕಷ್ಟವೇ.

ಅಂದು ಮಾತು ಮದುವೆಯದು. ಚಳ್ಳಕೆರೆಯಲ್ಲಿರುವ ಬಸವಲಿಂಗಮ್ಮನ ಅಕ್ಕ ಮಂಗಳಗೌರಮ್ಮನ ಮೊಮ್ಮಗಳು ಶಿಲ್ಪಳಿಗೆ, ಧನುರ್ಮಾಸ ಹಿಡಿಯುವುದರೊಳಗೆ ಎಂದು ಡಿಸೆಂಬರಿನಲ್ಲಿ ಬೆಳಗಿನ ಮುಹೂರ್ತ ಇಟ್ಟಿದ್ದರು. ಮೊಳಕಾಲ್ಮೂರಿನಿಂದ ಕತ್ತಲಿರುವಾಗಲೇ ಹೊರಡಬೇಕು. ಬಸವಲಿಂಗಮ್ಮನಿಗೆ ಮಂಡಿನೋವು. ಚಳಿ ಬಿತ್ತೆಂದರೆ ಮಂಡಿ ಹಿಡಿದುಕೊಂಡು, ಸಂಕ್ರಾಂತಿ ಕಳೆಯುವ ತನಕ ಹೊಸಿಲು ದಾಟುತ್ತಿರಲಿಲ್ಲ. ಮಿಕ್ಕ ದಿನಗಳಲ್ಲೂ ಬಸ್ಸಿನ ಪ್ರಯಾಣ ಆಗುತ್ತಿರಲಿಲ್ಲ. ಅಕ್ಕನಿಗೂ ವಯಸ್ಸಾಗಿ ಓಡಾಟ ನಿಂತಿತ್ತು. ಅಕ್ಕ ತಂಗಿ ಮುಖ ನೋಡಿ ವರ್ಷಗಳೇ ಆಗಿದ್ದವು.

"ಅಕ್ಕ ಫೋನಲ್ಲಿ ಅಳ್ತಾಳೆ. ಇದೊಂದು ಸಲ ಬಾರೇ, ಮುಂದೆ ನಾನು ಇರ್ತೀನೋ ಇಲ್ವೋ ಅಂತಾಳೆ. ಈ ಮಂಡಿ ಇಟ್ಕೊಂಡು ಆ ಚಳೀಲಿ ಹೆಂಗ್ ಹೋಗ್ಲಿ?" ಎಂದು ಬಸವಲಿಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

"ನನ್ನ ಕಾರ್ ಇದೆಯಲ್ಲ ಅತ್ತೆ" ಎಂದರು ಸಿದ್ದಲಿಂಗೇಶ್.

"ನಿಮ್ಮ ಕಾರು ಚೆನ್ನಾಗೈತ್ರಿ. ಆದ್ರೆ ಅದು ನೆಲಕ್ಕೆ ಹತ್ಕೊಂಡೈತೆ. ಅಷ್ಟು ಕೆಳಗೆ ಕುಂತ್ರೆ ನನ್ನ ಎಬ್ಬಿಸೋಕೆ ಇಬ್ರು ಬೇಕು."

ಎಲೆ ಅಡಿಕೆ ತಂದ ಮೂರ್ತಿ ಬಾಗಿಲಲ್ಲೇ ನಿಂತು ಬಾಯಿ ಹಾಕಿದ. ನಾನು ಅವನ ಅಂಗಿ ಜಗ್ಗಿದೆ. ಪ್ರಯೋಜನವಾಗಲಿಲ್ಲ.

"ಅತ್ತೆ, ನನ್ನ ಗಾಡಿ ಎತ್ತರ ಐತೆ, ಕಾಲು ಚಾಚ್ಕೊಂಡು ಕೂರ್ಬೋದು. ಮೇಲಾಗಿ ಹೀಟರ್ ಐತೆ. ಬಿಸಿ ಗಾಳಿ ನೇರ ಮಂಡಿಗೆ ಬರ್ತೈತೆ. ಚಳ್ಳಕೆರೆ ಮುಟ್ಟೋ ಹೊತ್ತಿಗೆ ನೀನು ನಿನ್ನಷ್ಟಕ್ಕೆ ಇಳಿದು ನಡ್ಕೊಂಡು ಹೋಗ್ತೀಯ ನೋಡು."

ಸಿದ್ದಲಿಂಗೇಶ್ ನಕ್ಕರು. "ಹಿಂಡಿ ಗಾಡೀಲಿ ಅತ್ತೇನಾ?"

ಆ ನಗು ಮೂರ್ತಿಗಿಂತ ಹೆಚ್ಚಾಗಿ ಬಸವಲಿಂಗಮ್ಮನಿಗೆ ಚುಚ್ಚಿತೆಂದು ಕಾಣುತ್ತದೆ. ಎಷ್ಟಾದರೂ ತವರಿನ ಹುಡುಗ. "ಆಯ್ತು ಕಣ್ಲಾ, ನಿನ್ನ ಗಾಡೀಲೇ ಬರ್ತೀನಿ. ಆದ್ರೆ ಕೇಳು, ದಾರೀಲಿ ಚಳಿ ಹೊಡೆದು ಮಂಡಿ ಹಿಡ್ಕಂತೋ, ಅಲ್ಲಿಂದ ಅಂಗೇ ವಾಪಸ್ ಮನೆಗೆ. ಅಕ್ಕನ ಮುಖ ನೋಡೋದು ನಿನ್ನಿಂದ ತಪ್ಪಿದ್ರೆ, ನಿನ್ನ ಮುಖ ನಾನು ಯಾವತ್ತೂ ನೋಡಲ್ಲ" ಎಂದರು. ಆಮೇಲೆ ಕಿರಿಯ ಅಳಿಯನ ಕಡೆ ತಿರುಗಿ, "ನೀವು ಹಿಂದೆನೇ ಕಾರು ತರ್ರಿ. ಇವನ ಗಾಡಿ, ಹೇಳಕ್ಕಾಗಲ್ಲ" ಎಂದರು.

ಡಿಸೆಂಬರ್ ಬಂತು. ಮದುವೆಯ ವಾರ ಚಳಿ ಬಿತ್ತು. ಬೆಳಿಗ್ಗೆ ಎದ್ದರೆ ಬಾಯಿಂದ ಹಬೆ. ನನ್ನ ಅಂಗಡಿಯಲ್ಲಿ ವ್ಯಾಪಾರ ಚುರುಕಾಗಿತ್ತು. ಮೂರ್ತಿ ಬೆಳಕು ಹರಿಯುತ್ತಲೇ ಬಂದು, "ಬಾರ್ಲೇ, ಹೀಟರ್ ಸುಖ ಏನಂತ ತೋರಿಸ್ತೀನಿ. ಕಂಬಳಿ ಬಿಟ್ಟು ಬಾ" ಎಂದ. ನಾನು ಕಂಬಳಿ ಬಿಟ್ಟು ಹೋದೆ. ಅದು ನನ್ನ ತಪ್ಪು.

ಅವನು ಗುಂಡಿಯನ್ನು ಕೆಂಪಿನ ತುದಿಗೆ ತಿರುಗಿಸಿ ಫ್ಯಾನ್ ಹಾಕಿದ. ಊರ ಹೊರಗಿನ ಚಳಿಯಷ್ಟೂ ಒಟ್ಟಾಗಿ ನನ್ನ ಕಾಲಿಗೆ ಬಂದು ಬಡಿಯಿತು. ಫ್ಯಾನ್ ಜೋರು ಮಾಡಿದ. ನನ್ನ ಹಲ್ಲು ಕಟಕಟಿಸಿತು.

"ಸ್ವಲ್ಪ ಹೊತ್ತು ತಡಿ. ಕಾಯ್ಬೇಕಲ್ಲ" ಎಂದ.

ಹಿರಿಯೂರು ರಸ್ತೆಯಲ್ಲಿ ಸಾಕಷ್ಟು ದೂರ ಹೋಗಿ ಬಂದೆವು. ಗಾಡಿ ಓಡಿದಷ್ಟೂ ಗಾಳಿ ತಣ್ಣಗಾಯಿತು. ವಾಪಸು ಬಂದು ಇಳಿದಾಗ ನನಗೆ ನನ್ನ ಕಿವಿ ಇವೆಯೋ ಇಲ್ಲವೋ ತಿಳಿಯಲಿಲ್ಲ. ಪಾತಣ್ಣನ ಹೋಟೆಲಿನಲ್ಲಿ ಟೀ ಲೋಟ ಹಿಡಿದುಕೊಂಡು ನಡುಗುತ್ತ ಕೂತೆವು. ಸುತ್ತ ಇದ್ದವರೆಲ್ಲ ವೈದ್ಯರಾದರು. ಗಾಡಿ ಮೂಡಲಕ್ಕೆ ಮುಖ ಮಾಡಿ ನಿಲ್ಲಿಸಬೇಕು ಎಂದರೊಬ್ಬರು. ಹೀಟರಿನ ಗ್ಯಾಸು ಮುಗಿದಿದೆ ಎಂದರು ಇನ್ನೊಬ್ಬರು. ಮೋಟಾರು ಕಟ್ಟುವ ಒಬ್ಬಾತ ಫ್ಯಾನು ಉಲ್ಟಾ ತಿರುಗುತ್ತಿದೆ ಎಂದು ಅಲ್ಲೇ ವೈರು ಬಿಚ್ಚಿ ಅದಲುಬದಲು ಮಾಡಿ ಕಟ್ಟಿದ. ಗಾಳಿ ಕಡಿಮೆಯಾಯಿತು, ಚಳಿ ಹಾಗೆಯೇ ಉಳಿಯಿತು. ಅವನು ಮತ್ತೆ ಬಿಚ್ಚಿ ಮೊದಲಿನಂತೆ ಕಟ್ಟಿ, ಒಂದು ಟೀ ಕುಡಿದು ಹೋದ.

ಆಗ ಪಾತಣ್ಣ ಒಂದು ಉಪಾಯ ಹೇಳಿದರು. "ಹೀಟರ್ ಕೆಟ್ರೆ ಕೆಡ್ಲಿ ಬಿಡಪ್ಪ. ಇಜ್ಜಲು ಒಲೆ ಒಂದು ಹಚ್ಚಿ ಕಾಲತ್ರ ಇಟ್ರೆ ಆಯ್ತು. ಬಾಣಂತಿ ಕೋಣೇಲಿ ಇಡಲ್ವಾ?"

ಮೂರ್ತಿಗೆ ಅದು ಅಮೃತದಂಥ ಮಾತಾಯಿತು. ಮರುದಿನ ಕ್ಯಾಬಿನ್ನಿನೊಳಗೆ ಇಜ್ಜಲು ಒಲೆ ಇಟ್ಟುಕೊಂಡು ಹೊರಟ. ಪಕ್ಕದಲ್ಲಿ ಮತ್ತೆ ನಾನೇ. ನೆಹರು ಸರ್ಕಲ್ಲಿಗೆ ಬರುವಷ್ಟರಲ್ಲಿ ಗಾಜಿನಾಚೆ ಏನೂ ಕಾಣದಷ್ಟು ಹೊಗೆ ತುಂಬಿ, ಇಬ್ಬರೂ ಕೆಮ್ಮುತ್ತ, ಕಣ್ಣೀರು ಸುರಿಸುತ್ತ ಗಾಡಿ ನಿಲ್ಲಿಸಿದೆವು. ಟ್ರಾಫಿಕ್ ಪೊಲೀಸಿನವರು ಓಡಿಬಂದು ಬಾಗಿಲು ತೆಗೆದರು.

"ಏನ್ರೀ ಇದು, ಗಾಡಿ ಒಳಗೆ ಹೋಮ ಮಾಡ್ತಿದೀರಾ?"

"ಹೀಟರ್ ಟೆಸ್ಟ್ ಸಾರ್" ಎಂದ ಮೂರ್ತಿ.

ಅವರು ಒಲೆಯನ್ನು ನೋಡಿದರು, ನಮ್ಮನ್ನು ನೋಡಿದರು. ಇಳಿಸಿ ಅಂದರು, ಇಳಿಸಿದೆವು. ಇಬ್ರೂ ಉಸಿರುಕಟ್ಟಿ ಸಾಯ್ತಿದ್ರಿ, ನಿಮ್ಮ ಮೇಲೆ ಕೇಸ್ ಹಾಕ್ಬೇಕು ಎಂದರು. ಹಾಗೆನ್ನುತ್ತಲೇ ಕೈ ಎರಡನ್ನೂ ಒಲೆಯ ಮೇಲೆ ಹಿಡಿದು ಕಾಯಿಸಿಕೊಂಡರು. ಕಡೆಗೆ ನಮ್ಮನ್ನು ಕಳಿಸಿಕೊಟ್ಟರು. ಒಲೆ ಅಲ್ಲೇ ಸರ್ಕಲ್ಲಿನಲ್ಲಿ ಉಳಿಯಿತು.

ಸಂಜೆಯೊಳಗೆ ಸುದ್ದಿ ದಾವಣಗೆರೆ ಮುಟ್ಟಿತು. ಸಿದ್ದಲಿಂಗೇಶ್ ಫೋನು ಮಾಡಿ, "ಭಾವ, ಪೊಲೀಸ್ರು ಹಿಡಿದ್ರಂತೆ? ಅತ್ತೆಗೆ ನಾನು ಏನೂ ಹೇಳಿಲ್ಲ ಬಿಡಿ" ಎಂದರು. ಹೇಳಿದ್ದಾರೆ ಎಂದು ಆ ದನಿಯಲ್ಲೇ ಗೊತ್ತಾಗುತ್ತಿತ್ತು. ಮೂರ್ತಿಯ ಹೆಂಡತಿ ದಾಕ್ಷಾಯಿಣಿ ಹೊಸಿಲಲ್ಲಿ ಕೂತು ಕಣ್ಣಲ್ಲಿ ನೀರು ತಂದುಕೊಂಡಳು.

"ನಮ್ಮವ್ವ ಆಗ್ಲೇ ಸೀರೆ ಎತ್ತಿಟ್ಟಾಳೆ. ದೊಡ್ಡಮ್ಮಂಗೆ ಚಕ್ಲಿ ಮಾಡಿಸಿದಾಳೆ. ಮನೆಮನೆಗೂ ಹೇಳ್ಕೊಂಡು ಬಂದಾಳೆ, ನಮ್ಮ ಮೂರ್ತಿ ಕರ್ಕೊಂಡು ಹೋಗ್ತಾನೆ ಅಂತ. ಈಗ ಬ್ಯಾಡ ಅಂದ್ರೆ ಆಕಿ ಜೀವ ಏನಾಗ್ಬೇಕ್ರಿ? ನಿಮ್ಮ ಮರ್ಯಾದಿ ಹಾಳಾಗ್ಲಿ, ನಮ್ಮವ್ವ ಅಕ್ಕನ ಮುಖ ನೋಡ್ಬೇಕು."

ಮೂರ್ತಿ ಎದ್ದುಹೋಗಿ ಗಾಡಿಯಲ್ಲಿ ಕೂತು ಆ ಗುಂಡಿಯನ್ನು ಕೆಂಪಿಗೆ ತಿರುಗಿಸುತ್ತಲೇ ಇದ್ದ.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಗಾಡಿ ಮಾರುತೇಶನ ಶೆಡ್ಡಿಗೆ ಹೋಯಿತು. ಅಲ್ಲಿಗೇ ಮೊದಲು ಯಾಕೆ ಹೋಗಲಿಲ್ಲ ಎಂದು ನೀವು ಕೇಳುತ್ತೀರಿ. ಕೆಟ್ಟಿದ್ದು ಎಂಜಿನ್ನಲ್ಲ, ಹೀಟರು, ಅದಕ್ಕೂ ಮಾರುತೇಶನಿಗೂ ಏನು ಸಂಬಂಧ ಎಂಬುದು ಮೂರ್ತಿಯ ತರ್ಕ. ಮಾರುತೇಶ ನಗುತ್ತಲೇ ಬಾನೆಟ್ ಎತ್ತಿದ. "ಹೀಟರ್ ರಿಪೇರಿ ಅಂತ ನನ್ನ ಶೆಡ್ಡಿಗೆ ಬಂದಿರೋದು ನೀನೇ ಮೊದಲು ಕಣಣ್ಣ" ಎಂದ.

ಅವನು ರೇಡಿಯೇಟರಿನ ನೀರು ನೋಡಿದ, ತುಂಬಿತ್ತು. ಹೀಟರಿಗೆ ಹೋಗುವ ರಬ್ಬರ್ ಪೈಪು ಎರಡನ್ನೂ ಬಿಚ್ಚಿ ನೀರು ಹಾಯಿಸಿದ. ಮಡಿಕೇರಿಯ ಕೆಸರು ಬಂತು, ಆಮೇಲೆ ಚಳ್ಳಕೆರೆಯ ಬೋರ್‌ವೆಲ್ಲಿನ ಸುಣ್ಣ ಬಂತು, ಕಡೆಗೆ ಚೊಕ್ಕ ನೀರು ಬಂತು. ಪೈಪು ಕಟ್ಟಿ ಗಾಡಿ ಚಾಲೂ ಮಾಡಿದ. ತಣ್ಣನೆ ಗಾಳಿ. ಗುಂಡಿಯ ವೈರು ಎಳೆದು ನೋಡಿದ, ಸರಿಯಾಗಿತ್ತು. ಗಾಳಿ ತಣ್ಣಗೇ ಬಂತು. ಮಾರುತೇಶನ ನಗು ನಿಂತಿತು. ತಲೆಯನ್ನು ಬಾನೆಟ್ಟಿನೊಳಗೆ ತೂರಿಸಿ ಮತ್ತೆ ಒಂದೊಂದೇ ಪೈಪು ಮುಟ್ಟಿ ನೋಡತೊಡಗಿದ.

ಮೂರ್ತಿ ಅವನಿಗೆ ಸಮಾಧಾನ ಹೇಳಿದ. "ನಿನ್ನ ಕೆಲಸದ ಮೇಲೆ ನನಗೆ ದೂರಿಲ್ಲಪ್ಪ. ನೀನು ಸರ್ವೀಸ್ ಮಾಡಿದ ಮೇಲೆ ಎಂಜಿನ್ನು ಬಿಸಿ ಅನ್ನೋದೇ ಆಗಿಲ್ಲ. ಆ ಸೂಜಿ ಮೇಲೆದ್ದೇ ಇಲ್ಲ."

ಮಾರುತೇಶನ ತಲೆ ಬಾನೆಟ್ಟಿಗೆ ಠಪ್ಪೆಂದು ಬಡಿಯಿತು. ತಲೆ ಉಜ್ಜಿಕೊಳ್ಳುತ್ತ ಈಚೆಗೆ ಬಂದ.

"ಅಣ್ಣ, ಹೀಟರಿಗೆ ಬಿಸಿ ಎಲ್ಲಿಂದ ಬರ್ತೈತೆ ಗೊತ್ತಾ?"

"ಕೆಂಪು ಗುಂಡಿಯಿಂದ" ಎಂದ ಮೂರ್ತಿ.

"ಎಂಜಿನ್ನಿನ ಬಿಸಿನೀರಿಂದ ಕಣಣ್ಣ. ಆ ನೀರು ಬಿಸಿ ಆಗೋ ತನಕ ರೇಡಿಯೇಟರಿಗೆ ಹೋಗದಂಗೆ ತಡೆಯೋದು ಒಂದು ವಾಲ್ವು, ಥರ್ಮೋಸ್ಟಾಟ್ ಅಂತ. ಅದಿಲ್ಲ ಅಂದ್ರೆ ನೀರು ಸುತ್ತತಾ ಸುತ್ತತಾ ತಣ್ಣಗೇ ಇರ್ತೈತೆ."

"ನನ್ನ ಗಾಡೀಲಿ ಅದು ಇಲ್ವಾ?"

"ಇತ್ತು. ನಾನೇ ತೆಗೆದೆ." ಮಾರುತೇಶ ಗೋಡೆಯ ಕಡೆ ಕೈ ತೋರಿಸಿದ. ಮೊಳೆಗೆ ತೂಗುಹಾಕಿದ ತಂತಿಯಲ್ಲಿ ಹಿತ್ತಾಳೆಯ ಬಿಲ್ಲೆಗಳನ್ನು ಪೋಣಿಸಿತ್ತು. "ನಮ್ಮೂರ ಬಿಸಿಲಿಗೆ ಇದ್ಯಾಕೆ ಬೇಕು? ನನ್ನ ಶೆಡ್ಡಿಗೆ ಬಂದ ಯಾವ ಗಾಡೀಲೂ ನಾನು ಇದನ್ನ ಬಿಟ್ಟಿಲ್ಲ. ಮೊದಲನೇ ಸರ್ವೀಸಿಗೇ ಕಿತ್ತು ಹಾಕ್ತೀನಿ. ಎಲ್ಲಾ ಮೆಕ್ಯಾನಿಕ್ಕೂ ಹಂಗೇ ಮಾಡೋದು. ಇಲ್ಲಿವರೆಗೂ ಒಬ್ಬರೂ ಕೇಳಿಲ್ಲ."

ನನಗೆ ಒಂದು ಅನುಮಾನ ಹತ್ತಿತು. "ಗಾಡಿಪೂಜೆ ದಿನ ಇನ್ನೂ ಕಿತ್ತಿರಲಿಲ್ಲ ಬಿಡು. ಆದ್ರೆ ಆಮೇಲೂ ಬೇಸಿಗೆ ಮುಗಿಯೋ ತನಕ ಇವನು ಕಂಡಕಂಡವರನ್ನ ಕೂರಿಸಿ ಬೆವರಿಳಿಸಿದ್ನಲ್ಲಪ್ಪ, ಆ ಬಿಸಿ ಎಲ್ಲಿಂದ ಬಂತು?"

"ಚಳ್ಳಕೆರೆಯಿಂದ" ಎಂದ ಮಾರುತೇಶ.

ಮೂರ್ತಿ ಗೋಡೆಯಿಂದ ಆ ತಂತಿಯನ್ನು ಕಿತ್ತುಕೊಂಡ. "ಇದ್ರಲ್ಲಿ ನಂದ್ಯಾವುದು?"

"ಯಾರಿಗೆ ಗೊತ್ತು? ನಿನ್ನ ಗಾಡಿಗೆ ಕೂರೋ ಅಳತೇವು ಒಂದಷ್ಟು ಐತೆ. ಅದ್ರಲ್ಲಿ ಜೀವ ಇರೋದು ಯಾವುದು ಅಂತ ಬಿಸಿನೀರಲ್ಲಿ ಹಾಕಿ ನೋಡ್ಬೇಕು. ತಣ್ಣೀರಲ್ಲಿ ಬಾಯಿ ಮುಚ್ಚಿರ್ಬೇಕು, ಕುದಿಯೋ ನೀರಲ್ಲಿ ಬಾಯಿ ತೆಗೀಬೇಕು."

ಬಿಸಿನೀರೆಂದರೆ ಪಾತಣ್ಣನ ಹೋಟೆಲು. ಟೀ ಪಾತ್ರೆ ಮುಟ್ಟಬೇಡಿ ಎಂದು ಅವರು ಗಲಾಟೆ ಮಾಡಿ, ಕೊನೆಗೆ ಲೋಟ ತೊಳೆಯುವ ನೀರು ಕಾಯಿಸುವ ಬೋಗುಣಿ ಕೊಟ್ಟರು. ಸುತ್ತ ಜನ ಸೇರಿತು. ಮೊದಲನೆಯ ಬಿಲ್ಲೆ ಎಷ್ಟು ಕುದಿಸಿದರೂ ಬಾಯಿ ಬಿಡಲಿಲ್ಲ. ಎರಡನೆಯದು ತಣ್ಣೀರಲ್ಲೇ ಬಾಯಿ ತೆರೆದುಕೊಂಡಿತ್ತು. ಮೂರು, ನಾಲ್ಕು ಎಲ್ಲ ಸತ್ತವೇ. ಟೀ ಕುಡಿಯಲು ಬಂದವರು ಟೀ ಮರೆತು ಬೋಗುಣಿಯೊಳಗೆ ಬಗ್ಗಿ ನೋಡುತ್ತಿದ್ದರು. ಇನ್ನೊಂದು ಹಾಕು, ಇನ್ನೊಂದು ಹಾಕು ಎಂದು ಒತ್ತಾಯ. ಮೂರ್ತಿ ಕೈಮುಗಿದುಕೊಂಡೇ ನಿಂತಿದ್ದ. ಕೊನೆಗೆ ಒಂದು ಬಿಲ್ಲೆ, ನೀರು ಕುದಿ ಹತ್ತುತ್ತಿದ್ದಂತೆ, ನಿಧಾನಕ್ಕೆ ಬಾಯಿ ತೆರೆಯಿತು. ತೆಗೆದು ತಣ್ಣೀರಿಗೆ ಹಾಕಿದರೆ ಮೆಲ್ಲಗೆ ಮುಚ್ಚಿಕೊಂಡಿತು. ಜನ ಚಪ್ಪಾಳೆ ಹೊಡೆದರು. ಪಾತಣ್ಣ ಅಲ್ಲಿದ್ದವರಿಗೆಲ್ಲ ತಮ್ಮ ಕಡೆಯಿಂದ ಟೀ ಎಂದುಬಿಟ್ಟರು. ಅಂಥ ಮಾತು ಅವರ ಬಾಯಿಂದ ಅದಕ್ಕೆ ಮೊದಲೂ ಬಂದಿರಲಿಲ್ಲ, ಆಮೇಲೂ ಬಂದಿಲ್ಲ.

ಮಾರುತೇಶ ಅದನ್ನು ಕೂರಿಸಿ, ನೀರು ತುಂಬಿ, ಪೈಪಿನಲ್ಲಿ ಸಿಕ್ಕಿಕೊಂಡಿದ್ದ ಗಾಳಿ ಬಿಟ್ಟು ಎಂಜಿನ್ ಚಾಲೂ ಮಾಡಿದ. ತಳದಲ್ಲಿ ಮಲಗಿದ್ದ ಸೂಜಿ ಅಲುಗಿತು, ಮೇಲೇರಿತು. ಮೂರ್ತಿ ಗಾಬರಿಯಾಗಿ, "ಗಾಡಿ ಬಿಸಿ ಆಗ್ತೈತೆ, ಆಫ್ ಮಾಡ್ಲೇ" ಎಂದು ಕೂಗಿದ.

"ಆಗ್ಲಿ ಬಿಡಣ್ಣ, ಅದಕ್ಕೇ ಅಲ್ವಾ ನಾವು ಇಷ್ಟೊತ್ತು ಒದ್ದಾಡಿದ್ದು."

ಸೂಜಿ ನಡುವಿಗೆ ಬಂದು ನಿಂತಿತು. ಮೂರ್ತಿ ಕೆಂಪಿಗೆ ತಿರುಗಿಸಿ ಫ್ಯಾನ್ ಹಾಕಿದ. ಕಾಲಿನ ಕಡೆಯಿಂದ ಬೆಚ್ಚನೆಯ ಗಾಳಿ ಬಂತು. ಅವನು ಎರಡೂ ಅಂಗೈ ಅದಕ್ಕೆ ಒಡ್ಡಿ ಕೂತುಬಿಟ್ಟ. ಅವನ ಕಣ್ಣು ಒದ್ದೆಯಾಗಿತ್ತು. ನನ್ನದೂ ಆಗಿತ್ತು, ಇಜ್ಜಲ ಹೊಗೆಯಿಂದಲ್ಲ.

ಅಂದು ಮಧ್ಯಾಹ್ನವೇ ಇಬ್ಬರೂ ಮೊಳಕಾಲ್ಮೂರಿಗೆ ಹೋಗಿ ಅಲ್ಲೇ ಉಳಿದೆವು. ಮರುದಿನ ಕೋಳಿ ಕೂಗುವ ಹೊತ್ತಿಗೆ ಮೆರವಣಿಗೆ ಹೊರಟಿತು. ಮುಂದೆ ಪಿಕಪ್ಪು, ಅದರಲ್ಲಿ ಮೂರ್ತಿ, ನಡುವೆ ಮಫ್ಲರು ಸುತ್ತಿಕೊಂಡ ಜಂಬುಲಿಂಗಪ್ಪನವರು, ಕಿಟಕಿಯ ಕಡೆ ಮಂಡಿಗೆ ಉಣ್ಣೆ ಬಟ್ಟೆ ಕಟ್ಟಿಕೊಂಡ ಬಸವಲಿಂಗಮ್ಮ. ಹಿಂದೆ ಸಿದ್ದಲಿಂಗೇಶ್ ಅವರ ಬಿಳೀ ಕಾರು, ಅದರಲ್ಲಿ ನಾನು. ದಾರಿಯುದ್ದಕ್ಕೂ ಅವರು, "ಎಲ್ಲಿವರೆಗೆ ಹೋಗುತ್ತೆ ನೋಡೋಣ" ಎನ್ನುತ್ತಿದ್ದರು. ನಾನು ಮನಸ್ಸಿನಲ್ಲೇ ತಿಪ್ಪೇಸ್ವಾಮಿಗೆ ಹರಕೆ ಹೊರುತ್ತಿದ್ದೆ.

ಕೊಂಡ್ಲಹಳ್ಳಿಯ ಕಡೆ ತಿರುಗುವ ದಾರಿಯ ಹತ್ತಿರ ಪಿಕಪ್ ನಿಂತುಬಿಟ್ಟಿತು. "ನಾನು ಹೇಳಲಿಲ್ವಾ?" ಎಂದು ಸಿದ್ದಲಿಂಗೇಶ್ ಉತ್ಸಾಹದಿಂದ ಇಳಿದು ಓಡಿದರು. ಅತ್ತೆಯನ್ನು ಇಳಿಸಿಕೊಳ್ಳಲು ಕೈ ಚಾಚಿದರು. ಇಳಿದವರು ಅತ್ತೆಯಲ್ಲ, ಮಾವ. ಮಫ್ಲರು ಕೈಯಲ್ಲಿತ್ತು, ಕೋಟು ಬಿಚ್ಚಿತ್ತು, ಹಣೆಯಿಂದ ಬೆವರು ಇಳಿಯುತ್ತಿತ್ತು.

"ನಾನು ಒಳಗೆ ಸೆಕೆ ತಡೀಲಾರೆ ಕಣ್ರಿ. ಫ್ಯಾನ್ ಸಣ್ಣಗೆ ಮಾಡು ಅಂದ್ರೆ ಇವಳು ಬಿಡವಲ್ಲಳು. ನಾನು ನಿಮ್ಮ ಕಾರಲ್ಲಿ ಬರ್ತೀನಿ" ಎಂದು ನಮ್ಮ ಜೊತೆ ಬಂದು ಕೂತರು.

ಸಿದ್ದಲಿಂಗೇಶ್ ಆಮೇಲೆ ಚಳ್ಳಕೆರೆ ಬರುವ ತನಕ ರಸ್ತೆಯನ್ನಷ್ಟೇ ನೋಡಿಕೊಂಡು ಕಾರು ಓಡಿಸಿದರು. ನಾನು ಕಂಬಳಿಯೊಳಗೆ ಮುಖ ಮುಚ್ಚಿಕೊಂಡು ನಕ್ಕೆ.

ಕಲ್ಯಾಣಮಂಟಪದ ಮುಂದೆ ಪಿಕಪ್ ನಿಂತಾಗ ಇನ್ನೂ ಬಿಸಿಲು ಏರಿರಲಿಲ್ಲ. ಮಂಗಳಗೌರಮ್ಮ ಮೊಮ್ಮಕ್ಕಳ ಕೈಹಿಡಿದು ಮೆಟ್ಟಿಲಿಳಿದು ಬಂದರು. ಕ್ಯಾಬಿನ್ನಿನಲ್ಲಿ ಕೂತಿದ್ದ ತಂಗಿ, "ಅಕ್ಕಾ" ಎಂದು ಎರಡೂ ಕೈ ಚಾಚಿದರು. ಇಳಿಯಬೇಕಾದವರು ಇಳಿಯಲಿಲ್ಲ. "ನೀನೇ ಹತ್ತಕ್ಕಾ, ಇಲ್ಲಿ ಬೆಚ್ಚಗೈತೆ" ಎಂದರು. ನಾವು ನಾಲ್ಕು ಜನ ಸೇರಿ ಅಕ್ಕನನ್ನು ಹತ್ತಿಸಿದೆವು. ಇಬ್ಬರೂ ತಬ್ಬಿಕೊಂಡು ಅತ್ತರು, ಆಮೇಲೆ ನಕ್ಕರು, ಆಮೇಲೆ ಚಕ್ಕುಲಿ ಬಿಚ್ಚಿದರು. ಮಂಡಿಗೆ ಶಾಖ ಕೊಡುವ ಗಾಡಿ ಬಂದಿದೆಯೆಂದು ಮಂಟಪದೊಳಗೆಲ್ಲ ಸುದ್ದಿಯಾಯಿತು. ಸೊಂಟನೋವು, ಕಾಲುನೋವಿನ ಅಜ್ಜಿಯರು ಒಬ್ಬೊಬ್ಬರಾಗಿ ಬಂದು ಗಾಡಿಯ ಸುತ್ತ ಸರದಿ ನಿಂತರು. ಮೂರ್ತಿ ಹೊಸ ಅಂಗಿ ತೊಟ್ಟು, ಸ್ಟೇರಿಂಗ್ ಹಿಡಿದು, ಯಾರ ಕಡೆಗೂ ನೋಡದೆ ಗಂಭೀರವಾಗಿ ಕೂತಿದ್ದ.

ಒಳಗಿನಿಂದ ಕರೆ ಬಂತು. ಮುಹೂರ್ತ ಹತ್ತಿರವಾಯಿತು, ಹುಡುಗಿಯ ಅಜ್ಜಿ ಎಲ್ಲಿ, ದೊಡ್ಡವರೆಲ್ಲ ಎಲ್ಲಿ ಎಂದು ಕೇಳಿದರು. ನಾಲ್ಕು ಜನಕ್ಕೆ ಹೇಳುವ ಗತ್ತು ಇರುವವರೆಂದು ಸಿದ್ದಲಿಂಗೇಶ್ ಅವರನ್ನೇ ಕಳಿಸಿದರು. ಅವರು ಸೂಟಿನೊಳಗೆ ನಡುಗುತ್ತ ಬಂದು ಪಿಕಪ್ಪಿನ ಬಾಗಿಲು ತೆಗೆದು, "ಅತ್ತೆ, ಹೊತ್ತಾಯ್ತು, ಇಳೀರಿ" ಎಂದರು.

ಬಸವಲಿಂಗಮ್ಮ ಕಾಲು ಚಾಚಿಕೊಂಡೇ ತಿರುಗಿ ನೋಡಿದರು.

"ಗಟ್ಟಿಮೇಳದ ಹೊತ್ತಿಗೆ ನಮ್ಮ ಮೂರ್ತಿ ಇಳಿಸ್ತಾನೆ. ನೀವು ಬಾಗಿಲು ಹಾಕ್ರಿ, ಬಿಸಿಯೆಲ್ಲಾ ಹೊರಗೆ ಹೋಗ್ತೈತೆ."